ಆ ಕೈ ಯಾರದ್ದು?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯವಾದಷ್ಟನ್ನು ಇಲ್ಲಿ ಕೊಡುತ್ತೇನೆ.

"ನನಗೆ ಏಳು ವರ್ಷ ಇದ್ದಾಗ ಮನೆಯವರೆಲ್ಲ ಮೊದಲ ಸಲ ಥೀಮ್ ಪಾರ್ಕ್‌ಗೆ ಹೋಗಿದ್ದೆವು. ಅಪ್ಪ, ಅಮ್ಮ, ನಾನು, ಮೂರು ವರ್ಷದ ತಂಗಿ. ರೋಲರ್ ಕೋಸ್ಟರ್‌ನಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದರು. ಬಂಡಿ ಕಟ ಕಟ ಅಂತ ಮೇಲೆ ಹತ್ತುವಾಗ ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಆ ಹಿಡಿತ ಈಗಲೂ ಕೈಗೆ ಗೊತ್ತು. ಅಪ್ಪ ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ವರ್ಷಗಟ್ಟಲೆ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಮೊನ್ನೆ ಅಮ್ಮನ ಜೊತೆ ಹಳೇ ಆಲ್ಬಮ್ ನೋಡುತ್ತಾ ಈ ಮಾತು ತೆಗೆದೆ. ಅಮ್ಮ ಹೇಳಿದರು, 'ನಿಮ್ಮಪ್ಪ ಅದರಲ್ಲಿ ಕೂರಲೇ ಇಲ್ವಲ್ಲ. ತಂಗೀನ ಎತ್ಕೊಂಡು ಕೆಳಗೆ ಬೆಂಚ್ ಮೇಲೆ ಇದ್ರು. ನಿನ್ ಜೊತೆ ಹತ್ತಿದ್ದು ನಾನು.' ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಅಪ್ಪನ ಬಗ್ಗೆ ನನ್ನಲ್ಲಿದ್ದ ಅತಿ ಸ್ಪಷ್ಟವಾದ ನೆನಪೇ ಸುಳ್ಳಾಯಿತಲ್ಲ? ಆಲ್ಬಮ್‌ನಲ್ಲಿ ಆ ದಿನದ್ದು ನಾಲ್ಕೇ ಫೋಟೊ. ಒಂದರಲ್ಲೂ ಅಪ್ಪ ಇಲ್ಲ. ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಅವಳನ್ನು ಅದೇ ಪಾರ್ಕ್‌ಗೆ ಕರೆದುಕೊಂಡು ಹೋಗಬೇಕು ಅಂತ ಇದ್ದೆ. ಈಗ ಬೇಡ ಅನಿಸುತ್ತಿದೆ."

ನಮಸ್ಕಾರ.

ಮೊದಲು ಸುಳ್ಳು ಅನ್ನುವ ಮಾತಿಗೆ ಬರುತ್ತೇನೆ. ನೆನಪು ಪೆಟ್ಟಿಗೆಯಲ್ಲಿ ಇಟ್ಟ ಫೋಟೊ ಅಲ್ಲ. ಪ್ರತಿ ಸಲ ನೆನೆಸಿಕೊಂಡಾಗಲೂ ಮನಸ್ಸು ಅದನ್ನು ಹೊಸದಾಗಿ ಜೋಡಿಸುತ್ತದೆ. ಜೋಡಿಸುವಾಗ ಆಮೇಲೆ ಕೇಳಿದ್ದು, ನೋಡಿದ್ದು ಎಲ್ಲ ಒಳಗೆ ಸೇರುತ್ತದೆ. ಇದನ್ನು ಜೀವನವಿಡೀ ಅಧ್ಯಯನ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್. 2002ರಲ್ಲಿ ಅವರೂ ಜೊತೆಗಾರರೂ ಪ್ರಕಟಿಸಿದ ಒಂದು ಪ್ರಯೋಗ ಥೀಮ್ ಪಾರ್ಕ್ ನೆನಪಿನ ಮೇಲೆಯೇ ಮಾಡಿದ್ದು. ಡಿಸ್ನಿ ಪಾರ್ಕ್‌ನಲ್ಲಿ ಬಗ್ಸ್ ಬನ್ನಿ ಅನ್ನುವ ಕಾರ್ಟೂನ್ ಮೊಲ ಮಕ್ಕಳ ಕೈಕುಲುಕುವ ಒಂದು ಜಾಹೀರಾತನ್ನು ಕೆಲವರಿಗೆ ತೋರಿಸಿದರು. ಅದನ್ನು ನೋಡಿದವರಲ್ಲಿ ಕೆಲವರು, ಚಿಕ್ಕಂದಿನಲ್ಲಿ ತಾವೂ ಅಲ್ಲಿ ಆ ಮೊಲದ ಕೈಕುಲುಕಿದ್ದೆವು ಎಂದು ಹೇಳಿದರು. ಅದು ಆಗಿರಲು ಸಾಧ್ಯವೇ ಇಲ್ಲ. ಬಗ್ಸ್ ಬನ್ನಿ ಡಿಸ್ನಿಯವರದ್ದಲ್ಲ, ವಾರ್ನರ್ ಬ್ರದರ್ಸ್ ಅನ್ನುವ ಬೇರೆ ಕಂಪನಿಯವರದ್ದು.

ಅವರಾರೂ ಸುಳ್ಳು ಹೇಳುತ್ತಿರಲಿಲ್ಲ. ಪಾರ್ಕ್‌ಗೆ ಹೋಗಿದ್ದು ನಿಜ, ವೇಷ ಹಾಕಿದ ಯಾರೋ ಕೈಕುಲುಕಿದ್ದೂ ನಿಜ ಇರಬಹುದು. ಮನಸ್ಸು ಮರೆತದ್ದು ಒಂದನ್ನು ಮಾತ್ರ: ಈ ಚೂರು ಎಲ್ಲಿಂದ ಬಂತು ಅನ್ನುವುದನ್ನು. ಏನಾಯಿತು ಅನ್ನುವುದಕ್ಕಿಂತ ಅದು ಎಲ್ಲಿಂದ ಗೊತ್ತಾಯಿತು ಅನ್ನುವುದು ನಮಗೆ ಬೇಗ ಮರೆತುಹೋಗುತ್ತದೆ.

ಈಗ ನಿಮ್ಮ ಪತ್ರದ ಒಂದು ಸಾಲನ್ನು ನೀವೇ ಮತ್ತೆ ಓದಿ. ಅಪ್ಪ ಆ ಕಥೆಯನ್ನು ವರ್ಷಗಟ್ಟಲೆ ಹೇಳುತ್ತಿದ್ದರು ಎಂದು ಬರೆದಿದ್ದೀರಿ. ನನಗೆ ಉತ್ತರ ಅಲ್ಲೇ ಇದೆ ಅನಿಸುತ್ತದೆ. ಬಂದವರ ಮುಂದೆಲ್ಲ ನಿಮ್ಮ ಧೈರ್ಯದ ಕಥೆ ಹೇಳಿದ್ದು ಅಪ್ಪನ ದನಿ. ಆ ದನಿಯನ್ನು ಅಷ್ಟು ವರ್ಷ ಕೇಳಿ ಕೇಳಿ, ಅದು ನಿಮ್ಮ ಪಕ್ಕದ ಸೀಟಿಗೇ ಬಂದು ಕೂತಿದೆ. ಅಮ್ಮ ಈ ಕಥೆಯನ್ನು ಯಾರಿಗೂ ಹೇಳಿದ ಹಾಗೆ ಕಾಣುವುದಿಲ್ಲ. ಜೊತೆಗೆ ಹತ್ತಿದವರು ಸುಮ್ಮನಿದ್ದರು, ಕೆಳಗಿಂದ ನೋಡಿದವರು ಹೇಳಿದರು. ಹಾಗಾಗಿ ಅಪ್ಪ ನಿಮ್ಮ ನೆನಪಿಗೆ ಬಂದದ್ದು ಸುಮ್ಮನೆ ಅಲ್ಲ. ಅವರು ಆ ಸವಾರಿಯನ್ನು ನಿಮಗಿಂತ ಜಾಸ್ತಿ ಸಲ ಮಾಡಿದ್ದಾರೆ, ಬಾಯಿಂದ.

ಇನ್ನು ಬೆಂಚಿನ ವಿಷಯ. ಅಪ್ಪ ಬೆಂಚಿನ ಮೇಲೆ ಕೂತಿದ್ದರು ಅನ್ನುವುದು ನಿಮಗೆ ನೋವು ಕೊಟ್ಟಿದೆ, ಅವರು ಆ ದಿನದಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ. ಆದರೆ ತಂಗಿಗೆ ಮೂರು ವರ್ಷ. ದೊಡ್ಡ ರೋಲರ್ ಕೋಸ್ಟರ್‌ಗಳ ಬಾಗಿಲಲ್ಲಿ ಎತ್ತರ ಅಳೆಯುವ ಗುರುತು ಇರುತ್ತದೆ. ಎಷ್ಟೋ ಕಡೆ ಅದು 120 ಸೆಂಟಿಮೀಟರ್ ಆಸುಪಾಸು. ಕಾಲಿಗೆ, ಸೊಂಟಕ್ಕೆ ಬರುವ ಸರಳು ಚಿಕ್ಕ ಮೈಯನ್ನು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಆ ನಿಯಮ. ಅಂದರೆ ಇಬ್ಬರಲ್ಲಿ ಒಬ್ಬರು ಕೆಳಗೆ ಉಳಿಯಲೇಬೇಕಿತ್ತು. ಅಪ್ಪ ಉಳಿದರು.

ನಾನೂ ಅಂಥ ಬೆಂಚಿನ ಮೇಲೆ ಕೂತಿದ್ದೇನೆ. ನನಗೆ ತಲೆ ಸುತ್ತುವ ತೊಂದರೆ ಇದೆ. ಹಾಗಾಗಿ ಮಗ ಚಿಕ್ಕವನಿದ್ದಾಗ ದೊಡ್ಡ ರೈಡ್‌ಗಳಿಗೆ ಅವನು ಅವನ ಅಮ್ಮನ ಜೊತೆ ಹೋಗುತ್ತಿದ್ದ. ನನ್ನ ಮಡಿಲಲ್ಲಿ ಎಲ್ಲರ ಬ್ಯಾಗು, ನೀರಿನ ಬಾಟಲಿ, ಅವನ ಒದ್ದೆ ಟವೆಲ್ಲು. ರೈಡ್ ಎರಡು ನಿಮಿಷದ್ದು. ಕ್ಯೂ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಹೊತ್ತು ಕ್ಯೂನಲ್ಲಿ ಒಂದು ಹಳದಿ ಟೋಪಿ ಎಲ್ಲಿದೆ ಎಂದು ನೋಡುತ್ತಲೇ ಇದ್ದೆ. ಬಂಡಿ ಹೊರಟ ಮೇಲೆ ಟೋಪಿ ಕಾಣುವುದಿಲ್ಲ, ತೆಗೆಸಿರುತ್ತಾರೆ. ಆಗ ಎಷ್ಟನೇ ಸೀಟು ಎಂದು ಎಣಿಸುತ್ತಿದ್ದೆ. ಮೇಲಿಂದ ಧಡಕ್ಕನೆ ಬೀಳುವಾಗ ಎಲ್ಲರೂ ಕಿರುಚುತ್ತಾರೆ. ಅದರಲ್ಲಿ ನನ್ನ ಮಗನ ದನಿ ಯಾವುದು ಎಂದು ಹುಡುಕಿದ್ದು ಇವತ್ತಿಗೂ ಮೈಯಲ್ಲಿದೆ. ಅವನಿಗೆ ಇದೇನೂ ನೆನಪಿಲ್ಲ. ನಾನು ಕೆಳಗಿದ್ದೆ ಅನ್ನುವುದೂ ನೆನಪಿಲ್ಲ. ಪರವಾಗಿಲ್ಲ, ನನಗೆ ನೆನಪಿದೆ.

ಥೀಮ್ ಪಾರ್ಕ್ ಅನ್ನುವ ಕಲ್ಪನೆಗೂ ಇಂಥ ಬೆಂಚಿಗೂ ಹಳೇ ನಂಟಿದೆ. ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮೆರಿ ಗೋ ರೌಂಡ್‌ನ ಕುದುರೆ ಮೇಲೆ ಸುತ್ತುವಾಗ ಅವರು ಬೆಂಚಿನ ಮೇಲೆ ಕಾಯುತ್ತಿದ್ದರು. ಅಪ್ಪ ಅಮ್ಮ ಮಕ್ಕಳು ಎಲ್ಲ ಒಟ್ಟಿಗೇ ಖುಷಿಪಡುವ ಜಾಗ ಒಂದು ಬೇಕು ಎಂದು ಅಲ್ಲಿ ಕೂತಾಗಲೇ ಹೊಳೆಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆಯಿತು. ಆದರೂ ಪ್ರಪಂಚದ ಯಾವ ಪಾರ್ಕ್‌ಗೆ ಹೋದರೂ ರೈಡ್‌ನ ಪಕ್ಕ ಒಂದು ಬೆಂಚು ಇದ್ದೇ ಇರುತ್ತದೆ, ಅದರ ಮೇಲೆ ಒಬ್ಬರು ಬ್ಯಾಗುಗಳ ಮಧ್ಯೆ ಕತ್ತೆತ್ತಿ ಕೂತೇ ಇರುತ್ತಾರೆ.

ಫೋಟೊಗಳಲ್ಲಿ ಅಪ್ಪ ಇಲ್ಲ ಅಂದಿರಿ. ನಾಲ್ಕರಲ್ಲೂ ನಿಮ್ಮ ಅಮ್ಮ ಇದ್ದಾರಾ? ಇದ್ದರೆ ಕ್ಯಾಮೆರಾ ಹಿಡಿದವರು ಯಾರು? ರೀಲ್ ಹಾಕುವ ಕಾಲ ಅದು. ಒಂದು ರೀಲ್‌ಗೆ 24 ಅಥವಾ 36 ಫೋಟೊ. ಮುಗಿದರೆ ಮುಗಿಯಿತು. ಈಗಿನ ಹಾಗೆ ಒಂದೇ ನಿಲುವಿಗೆ ಹತ್ತು ಸಲ ಒತ್ತುವ ಹಾಗಿರಲಿಲ್ಲ. ಆ ಲೆಕ್ಕದಲ್ಲಿ ನಾಲ್ಕನ್ನು ಒಬ್ಬರು ಯೋಚಿಸಿ ನಿಮಗಾಗಿ ಖರ್ಚು ಮಾಡಿದ್ದಾರೆ. ಅವು ನೀವು ಹೇಗೆ ಕಾಣುತ್ತಿದ್ದಿರಿ ಅನ್ನುವುದನ್ನು ಅಪ್ಪನ ಕಣ್ಣಿಂದ ತೋರಿಸುವ ಫೋಟೊಗಳು. ಇನ್ನೊಮ್ಮೆ ಹಾಗೆ ನೋಡಿ.

ಈಗ, ನಿಮ್ಮ ಪತ್ರ ಓದುವಾಗ ನನ್ನನ್ನು ಅತಿ ಹೆಚ್ಚು ಕಾಡಿದ ವಿಷಯ. ನೀವು ಕಳೆದುಕೊಂಡದ್ದರ ಬಗ್ಗೆಯೇ ಬರೆದಿದ್ದೀರಿ. ಆದರೆ ಆ ಹಿಡಿತ ಇತ್ತಲ್ವಾ? ಎಡಗೈಯನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದರು. ಅದು ಕೈಗೆ ಗೊತ್ತು ಅಂದಿರಿ. ಆ ಕೈ ಅಮ್ಮನದ್ದು. ಇಷ್ಟು ವರ್ಷ ಅಮ್ಮನ ಕೈಯನ್ನು ಅಪ್ಪನದ್ದು ಅಂದುಕೊಂಡು ಪ್ರೀತಿಸಿದ್ದೀರಿ. ಆ ಕೈ ಇವತ್ತೂ ನಿಮ್ಮ ಮನೆಯಲ್ಲಿದೆ, ಮೊನ್ನೆ ನಿಮ್ಮ ಪಕ್ಕ ಕೂತು ಆಲ್ಬಮ್ ಪುಟ ತಿರುಗಿಸಿದೆ.

ಅಮ್ಮನಿಗೆ ಆ ದಿನ ಹೆದರಿಕೆ ಆಗಿತ್ತಾ? ಕೇಳಿದಿರಾ? ನೀವು ಬರೆದಿರುವ ಆ ಕಟ ಕಟ ಸದ್ದು ಕೇಳಿದರೆ ಎಂಥವರಿಗೂ ಎದೆ ಹೊಡೆದುಕೊಳ್ಳುತ್ತದೆ. ಬಂಡಿಯ ತಳದಲ್ಲಿರುವ ಕೊಕ್ಕೆ ಹಳಿಯ ನಡುವಿನ ಹಲ್ಲುಗಳಿಗೆ ಒಂದೊಂದಾಗಿ ಬೀಳುವ ಸದ್ದು ಅದು. ಮೇಲೆಳೆಯುವ ಸರಪಳಿ ನಡುವೆ ಕೈಕೊಟ್ಟರೂ ಬಂಡಿ ಹಿಂದಕ್ಕೆ ಜಾರಬಾರದು ಎಂದು ಮಾಡಿದ ಏರ್ಪಾಡು. ಹತ್ತುವಾಗ ನಮ್ಮನ್ನು ಅಷ್ಟು ಹೆದರಿಸುವ ಸದ್ದು, ನಮ್ಮನ್ನು ಬೀಳದ ಹಾಗೆ ಹಿಡಿದಿರುವುದರ ಸದ್ದು. ಏಳು ವರ್ಷದ ಮಗುವಿಗೆ ಇದು ಗೊತ್ತಿರುವುದಿಲ್ಲ. ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ. ಆ ಹಿಡಿತ ನಿಮ್ಮ ಧೈರ್ಯಕ್ಕೋ, ಅವರ ಧೈರ್ಯಕ್ಕೋ? ಇದಕ್ಕೆ ಉತ್ತರ ಅವರೊಬ್ಬರ ಹತ್ತಿರ ಇದೆ.

ಮಗಳನ್ನು ಕರೆದುಕೊಂಡು ಹೋಗಿ. ಖಂಡಿತ ಹೋಗಿ. ಆದರೆ ಹಳೇ ದಿನವನ್ನು ಹುಡುಕಿಕೊಂಡು ಹೋಗಬೇಡಿ. ಎಲ್ಲ ಚಿಕ್ಕದಾಗಿ ಕಾಣುತ್ತದೆ. ಏಳು ವರ್ಷದಲ್ಲಿ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿತ್ತು, ಈಗ ಎಲ್ಲಿದೆ! ಅದೂ ಅಲ್ಲದೆ ಇಂಥ ಜಾಗಗಳನ್ನು ಕಟ್ಟುವವರು ಕಣ್ಣಿಗೆ ದೊಡ್ಡದಾಗಿ ಕಾಣುವ ಹಾಗೆಯೇ ಕಟ್ಟುತ್ತಾರೆ. ಡಿಸ್ನಿಲ್ಯಾಂಡ್‌ನ ಕೋಟೆ ಬರೀ 77 ಅಡಿ. ಮೇಲೆ ಹೋದ ಹಾಗೆ ಅದರ ಕಲ್ಲುಗಳನ್ನು ಚಿಕ್ಕದು ಮಾಡುತ್ತಾ ಹೋಗಿದ್ದಾರೆ. ಕೆಳಗೆ ನಿಂತ ಮಗುವಿಗೆ ಅದು ಮುಗಿಲು ಮುಟ್ಟಿದ ಹಾಗೆ ಕಾಣುತ್ತದೆ. ವೇಗದ್ದೂ ಹೀಗೇ. 1884ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಶುರುಮಾಡಿದ ರೋಲರ್ ಕೋಸ್ಟರ್ ಬಂಡಿ ಗಂಟೆಗೆ ಸುಮಾರು 10 ಕಿಲೋಮೀಟರ್ ಹೋಗುತ್ತಿತ್ತು, ಸೈಕಲ್‌ಗಿಂತ ನಿಧಾನ. ಅದಕ್ಕೂ ಜನ ಮುಗಿಬಿದ್ದರು.

ನಾಲ್ಕು ವರ್ಷದ ಮಗಳಿಗೆ ಇದೆಲ್ಲ ನೆನಪಿರುತ್ತಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಮೂರು ವರ್ಷಕ್ಕಿಂತ ಹಿಂದಿನದು ಏನೂ ಉಳಿದಿರುವುದಿಲ್ಲ. ನಾಲ್ಕರ ನೆನಪುಗಳೂ ಚೂರುಪಾರು. ಆದರೆ ಮನೆಯಲ್ಲಿ ಆ ದಿನದ ಬಗ್ಗೆ ಮಗುವಿನ ಜೊತೆ ಎಳೆಎಳೆಯಾಗಿ ಮಾತಾಡಿದರೆ ನೆನಪು ಗಟ್ಟಿಯಾಗುತ್ತದೆ ಎಂದು ರಾಬಿನ್ ಫೈವುಶ್ ಮೊದಲಾದ ಸಂಶೋಧಕರು ತೋರಿಸಿದ್ದಾರೆ. "ಮಜಾ ಬಂತಾ?" ಎಂದು ಕೇಳಿ ಬಿಟ್ಟರೆ ಸಾಲದು. "ಆಮೇಲೆ ಏನಾಯ್ತು? ನಿನಗೆ ಯಾವಾಗ ಹೆದರಿಕೆ ಆಯ್ತು? ಯಾರು ನಕ್ಕಿದ್ದು?" ಎಂದು ಕೇಳಬೇಕು. ನಿಮ್ಮ ಅಪ್ಪ ಬಂದವರ ಮುಂದೆ ಮಾಡುತ್ತಿದ್ದದ್ದೂ ಇದಕ್ಕೆ ಹತ್ತಿರದ ಕೆಲಸವೇ. ಆ ದಿನ ನಿಮಗೆ ಇಷ್ಟು ಚೆನ್ನಾಗಿ ಉಳಿದಿರುವುದು ಅವರಿಂದ.

ಮಗಳು ದೊಡ್ಡ ರೈಡ್‌ನ ಎತ್ತರದ ಗುರುತು ಮುಟ್ಟುವುದಿಲ್ಲ. ಮೆರಿ ಗೋ ರೌಂಡ್ ಸಾಕು. ಅಮ್ಮನನ್ನೂ ಕರೆದುಕೊಂಡು ಹೋಗಿ. ಮಗಳು ಕುದುರೆ ಮೇಲೆ ಸುತ್ತುವಾಗ ನೀವಿಬ್ಬರೂ ಬೆಂಚಿನ ಮೇಲೆ ಕೂತುಕೊಳ್ಳಿ. ಅಪ್ಪ ಯಾವ ಬೆಂಚಿನ ಮೇಲೆ ಇದ್ದರು ಎಂದು ಅಮ್ಮನಿಗೆ ನೆನಪಿರಬಹುದು. ಮತ್ತೆ ಇನ್ನೊಂದು ಕೇಳಿ: ಬಂಡಿಯಲ್ಲಿ ಅಮ್ಮ ನಿಮ್ಮ ಎಡಗಡೆಯೇ ಕೂತಿದ್ದರಾ?

ಅವರು ಏನು ಹೇಳಿದರು ಎಂದು ನನಗೂ ಬರೆಯಿರಿ.

— ಸಂಪಾದಕ