ಪ್ರೊಟೆಕ್ಷನ್ ಪಾಠಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮುಂಬೈಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ವರ್ಷ ಪವರ್ ಸಿಸ್ಟಮ್ ಪ್ರೊಟೆಕ್ಷನ್ (ಫಾಲ್ಟ್ ಆದ ಭಾಗವನ್ನು ವಿದ್ಯುತ್ ಜಾಲದಿಂದ ಬೇರ್ಪಡಿಸುವ ವಿದ್ಯೆ) ಪಾಠ ನಿಮ್ಮ ಪಾಲಿಗೆ ಬಂದಿದೆ. ಲ್ಯಾಬ್‌ನಲ್ಲಿ ಇರೋದು ಎರಡು ಹಳೇ ಡಿಸ್ಕ್ ರಿಲೇ (ಫಾಲ್ಟ್ ಗುರುತಿಸಿ ಬ್ರೇಕರ್ ಬೀಳಿಸುವ ಸಾಧನ) ಮಾತ್ರ. ಈಟ್ಯಾಪ್ ಸಾಫ್ಟ್‌ವೇರ್ ತರಿಸೋಣ ಅಂದರೆ ದುಡ್ಡು ಜಾಸ್ತಿ. ಬೇರೆ ಯಾವುದನ್ನು ಹಾಕಿಕೊಂಡು ಕಲಿಸಬಹುದು?

ನಾನು ಧಾರವಾಡದವನು, ಪುಣೆಯಲ್ಲಿ ಇದೇ ಪಾಠ ಮಾಡುತ್ತಾ ಬಂದಿದ್ದೇನೆ. ಅಕ್ಕಲಕೋಟೆ, ಜತ್ತದ ಕಡೆಯ ಹುಡುಗರು ಪ್ರತಿ ವರ್ಷ ನಾಲ್ಕೈದು ಜನ ಇದ್ದೇ ಇರುತ್ತಾರೆ. ಕ್ಲಾಸ್ ಮುಗಿದ ಮೇಲೆ ಕನ್ನಡದಲ್ಲಿ ಡೌಟ್ ಕೇಳುತ್ತಾರೆ. ಒಬ್ಬ ಹಳೇ ವಿದ್ಯಾರ್ಥಿಯ ಫೋನಿನಿಂದಲೇ ಶುರು ಮಾಡುತ್ತೇನೆ, ನನ್ನ ಲ್ಯಾಬ್ ಬದಲಾದದ್ದು ಅವನಿಂದ.

ಚಾಕಣದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ರಾತ್ರಿ ಫೋನ್ ಮಾಡಿದ. 'ಸರ್, ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡಿದ ತಕ್ಷಣ ಡಿಫರೆನ್ಶಿಯಲ್ ಟ್ರಿಪ್ ಆಗ್ತಿದೆ. ಒಳಗೆ ಫಾಲ್ಟ್ ಇದೆ ಅಂತ ಬಿಚ್ಚೋಕೆ ಹೇಳ್ತಿದ್ದಾರೆ.' ಡಿಫರೆನ್ಶಿಯಲ್ ಅಂದರೆ ಒಳಗೆ ಹೋಗುವ, ಹೊರಗೆ ಬರುವ ಕರೆಂಟನ್ನು ಹೋಲಿಸಿ ನೋಡುವ ರಿಲೇ. ರಿಲೇಯಲ್ಲಿ ರೆಕಾರ್ಡ್ ಆದ ಕರೆಂಟಿನ ಚಿತ್ರ ಕಳಿಸು ಅಂದೆ. ಅಲೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ನಡುನಡುವೆ ಸೊನ್ನೆಯ ಹತ್ತಿರ ಚಪ್ಪಟೆ. ಅದು ಫಾಲ್ಟ್ ಅಲ್ಲ, ಇನ್‌ರಶ್, ಅಂದರೆ ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡಿದಾಗ ಸ್ವಲ್ಪ ಹೊತ್ತು ನುಗ್ಗುವ ಕರೆಂಟ್. ಇನ್‌ರಶ್‌ನಲ್ಲಿ ಎದ್ದು ಕಾಣುವ ಎರಡು ಪಟ್ಟು ಫ್ರೀಕ್ವೆನ್ಸಿಯ ಅಂಶವನ್ನು ಗುರುತಿಸಿ ಟ್ರಿಪ್ ತಡೆಯುವ ಸೆಕೆಂಡ್ ಹಾರ್ಮೋನಿಕ್ ಬ್ಲಾಕಿಂಗನ್ನು ಯಾರೋ ಆಫ್ ಮಾಡಿಟ್ಟಿದ್ದರು. ಈ ಹುಡುಗ ನನ್ನ ಪರೀಕ್ಷೆಯಲ್ಲಿ ಡಿಫರೆನ್ಶಿಯಲ್ ಪ್ರಶ್ನೆಗೆ ಚೆನ್ನಾಗಿ ಬರೆದಿದ್ದ. ಆದರೆ ಇನ್‌ರಶ್ ಹೇಗೆ ಕಾಣುತ್ತದೆ ಅನ್ನೋದನ್ನು ನಾನು ಒಂದು ದಿನವೂ ತೋರಿಸಿರಲಿಲ್ಲ. ರಿಲೇ ಯಾವಾಗ ಟ್ರಿಪ್ ಆಗಬೇಕು ಅಂತ ಕಲಿಸಿದ್ದೆ. ಯಾವಾಗ ಆಗಬಾರದು ಅಂತ ಕಲಿಸಿರಲಿಲ್ಲ.

ಅದಕ್ಕೇ ಸಾಫ್ಟ್‌ವೇರ್ ಆರಿಸುವಾಗ ನಾನು ಕೇಳೋದು ಒಂದೇ. ವಿದ್ಯಾರ್ಥಿ ತಪ್ಪು ಸೆಟ್ಟಿಂಗ್ ಕೊಟ್ಟರೆ ಏನಾಗುತ್ತದೆ ಅಂತ ಅವನ ಕಣ್ಣಿಗೆ ಕಾಣುತ್ತದಾ? ಬಟನ್ ಒತ್ತಿದರೆ ತಾನೇ ಸರಿಯಾದ ಸೆಟ್ಟಿಂಗ್ ಹುಡುಕಿ ಕೊಡುವ ಸಾಫ್ಟ್‌ವೇರ್ ಆಫೀಸಿಗೆ ಸರಿ, ಮೂರನೇ ವರ್ಷದ ಕ್ಲಾಸಿಗೆ ಬೇಡ.

ಮೊದಲ ಎರಡು ವಾರ ಒಂದು ಸ್ಪ್ರೆಡ್‌ಶೀಟ್ ಸಾಕು, ನಿಜವಾಗಿಯೂ ಸಾಕು. ಒಂದು ರೇಡಿಯಲ್ ಫೀಡರ್ (ಒಂದೇ ಕಡೆಯಿಂದ ಸಪ್ಲೈ ಬರುವ ಲೈನ್), ಎರಡು ರಿಲೇ. ಮುಂದಿನದಕ್ಕೆ, ಅಂದರೆ ತುದಿಯ ಕಡೆಯದಕ್ಕೆ, ಪಿಕಪ್ (ರಿಲೇ ಕೆಲಸ ಶುರು ಮಾಡುವ ಕರೆಂಟ್) 200 ಆಂಪಿಯರ್, ಹಿಂದಿನದಕ್ಕೆ 400. ಫಾಲ್ಟ್ ಕರೆಂಟ್ 2000. ಅಂದರೆ ಮುಂದಿನ ರಿಲೇಗೆ 10 ಪಟ್ಟು, ಹಿಂದಿನದಕ್ಕೆ 5 ಪಟ್ಟು. ಐಇಸಿ ನಾರ್ಮಲ್ ಇನ್ವರ್ಸ್ ಕರ್ವ್‌ನಲ್ಲಿ (ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್ ಆಗುವಂತೆ ಅಂತರರಾಷ್ಟ್ರೀಯ ಮಾನಕದಲ್ಲಿರುವ ಕರ್ವ್) ಟಿಎಂಎಸ್ (ಟ್ರಿಪ್ ಸಮಯವನ್ನು ಹಿಗ್ಗಿಸುವ, ಕುಗ್ಗಿಸುವ ಸೆಟ್ಟಿಂಗ್) 1 ಇದ್ದರೆ ಇವಕ್ಕೆ 2.97 ಮತ್ತು 4.28 ಸೆಕೆಂಡ್ ಬೇಕು. ಈಗ ಎರಡಕ್ಕೂ ಟಿಎಂಎಸ್ 0.1 ಕೊಡಲು ಹೇಳಿ. ಒಂದು 0.30 ಸೆಕೆಂಡಿಗೆ, ಇನ್ನೊಂದು 0.43ಕ್ಕೆ. ಸರಿಯಾಗೇ ಇದೆ ಅಲ್ವಾ, ಮುಂದಿನದೇ ಮೊದಲು ಬೀಳುತ್ತದೆ ಅಂತ ಹುಡುಗರು ಹೇಳುತ್ತಾರೆ. ಆಗ ಕೇಳಿ: ಬ್ರೇಕರ್ ತೆರೆದು ಆರ್ಕ್ ಆರೋದಕ್ಕೆ ಎಷ್ಟು ಹೊತ್ತು ಬೇಕು? ಅದಕ್ಕೇ 0.06ರಿಂದ 0.1 ಸೆಕೆಂಡ್ ಹೋಗುತ್ತದೆ. ಮೇಲೆ ರಿಲೇಯ ಎರರ್ ಇದೆ, ಸಿಟಿಯ (ಲೈನಿನ ಕರೆಂಟನ್ನು ಇಳಿಸಿ ರಿಲೇಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಎರರ್ ಇದೆ. 0.13 ಸೆಕೆಂಡಿನ ಅಂತರದಲ್ಲಿ ಇಷ್ಟೆಲ್ಲ ಹಿಡಿಸೋದಿಲ್ಲ. ಎರಡೂ ಬ್ರೇಕರ್ ಬೀಳುತ್ತವೆ, ಫಾಲ್ಟ್ ಇಲ್ಲದ ಓಣಿಗಳೂ ಕತ್ತಲಾಗುತ್ತವೆ. 0.3 ಸೆಕೆಂಡ್ ಅಂತರ ಬೇಕಾದರೆ ಹಿಂದಿನದರ ಟಿಎಂಎಸ್ 0.14 ಆಗಬೇಕು. ಅದನ್ನು ಅವರೇ ಲೆಕ್ಕ ಹಾಕಲಿ.

ಇದರ ನಂತರ ಪಂಡಾಪವರ್. ಪೈಥಾನ್‌ನಲ್ಲಿದೆ, ಓಪನ್ ಸೋರ್ಸ್, ಖರ್ಚಿಲ್ಲ. ಐಇಸಿ 60909 ಮಾನಕದ ಪ್ರಕಾರ ಶಾರ್ಟ್ ಸರ್ಕ್ಯೂಟ್ ಲೆಕ್ಕ ಮಾಡುತ್ತದೆ. ಹತ್ತು ಬಸ್‌ನ (ಲೈನುಗಳು ಕೂಡುವ ಜಾಗಕ್ಕೆ ಬಸ್ ಅನ್ನುತ್ತಾರೆ) ನೆಟ್‌ವರ್ಕ್ ಕಟ್ಟಿ, ಸೋರ್ಸ್ ಬದಲಿಸಿ, ಫಾಲ್ಟ್ ಕರೆಂಟ್ ಹೇಗೆ ಏರಿಳಿಯುತ್ತದೆ ನೋಡಬಹುದು. ಆದರೆ ಅಲೆಯ ರೂಪ ಇದರಲ್ಲಿ ಸಿಗೋದಿಲ್ಲ. ನನ್ನ ಹುಡುಗನಿಗೆ ಬೇಕಾಗಿದ್ದದ್ದು ಆ ಅಲೆಯೇ.

ಅದಕ್ಕೆ ಅಲೆಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಮ್ಯಾಟ್‌ಲ್ಯಾಬ್‌ನ ಸಿಮ್ಯುಲಿಂಕ್, ಪಿಎಸ್‌ಕ್ಯಾಡ್ ಅಥವಾ ಎಟಿಪಿ ಬೇಕು. ನಿಮ್ಮ ಕಾಲೇಜಿನಲ್ಲಿ ಮ್ಯಾಟ್‌ಲ್ಯಾಬ್ ಕ್ಯಾಂಪಸ್ ಲೈಸೆನ್ಸ್ ಇದೆಯಾ ಅಂತ ಮೊದಲು ವಿಚಾರಿಸಿ. ಕಂಪ್ಯೂಟರ್ ಸೈನ್ಸ್ ವಿಭಾಗದವರ ಹತ್ತಿರ ಇರುತ್ತದೆ, ನಮ್ಮವರಿಗೆ ಗೊತ್ತೇ ಇರೋದಿಲ್ಲ. ಇದ್ದರೆ ಸಿಮ್‌ಸ್ಕೇಪ್ ಎಲೆಕ್ಟ್ರಿಕಲ್ ಸಾಕಷ್ಟಾಯಿತು. ಇಲ್ಲದಿದ್ದರೆ ಎಟಿಪಿಗೆ ದುಡ್ಡು ಇಲ್ಲ, ಲೈಸೆನ್ಸ್ ಒಪ್ಪಂದಕ್ಕೆ ಸಹಿ ಮಾಡಿ ಕಳಿಸಬೇಕು ಅಷ್ಟೇ. ಕಲಿಯೋದು ಸ್ವಲ್ಪ ಕಷ್ಟ.

ಇನ್‌ರಶ್ ಲ್ಯಾಬ್ ಹೀಗೆ ಮಾಡುತ್ತೇನೆ. ಟ್ರಾನ್ಸ್‌ಫಾರ್ಮರ್ ಬ್ಲಾಕಿನಲ್ಲಿ ಸ್ಯಾಚುರೇಶನ್ (ಕೋರ್ ಇನ್ನಷ್ಟು ಫ್ಲಕ್ಸ್ ಹಿಡಿಸಲಾರದೆ ತುಂಬಿಹೋಗೋದು) ಆನ್ ಮಾಡಿ, ಸೆಕೆಂಡರಿ ಖಾಲಿ ಬಿಡಬೇಕು. ಒಂದು ಸಲ ವೋಲ್ಟೇಜ್ ಸೊನ್ನೆ ಇರುವಾಗ ಬ್ರೇಕರ್ ಹಾಕಬೇಕು, ಇನ್ನೊಂದು ಸಲ ಪೀಕ್‌ನಲ್ಲಿರುವಾಗ. ಮೊದಲ ಸಲ ಕರೆಂಟ್ ಎದ್ದು ಕುಣಿಯುತ್ತದೆ, ಎರಡನೇ ಸಲ ಆ ಫೇಸ್‌ನಲ್ಲಿ ಸದ್ದೇ ಇಲ್ಲ. ಅದೇ ಟ್ರಾನ್ಸ್‌ಫಾರ್ಮರ್, ಅದೇ ಸಪ್ಲೈ! ಹುಡುಗರು ಕುರ್ಚಿ ಬಿಟ್ಟು ಸ್ಕ್ರೀನ್ ಹತ್ತಿರ ಬರುವ ಲ್ಯಾಬ್ ಇದು. ಕೋರ್‌ನಲ್ಲಿ ಮೊದಲೇ ಬಾಕಿ ಉಳಿದ ಫ್ಲಕ್ಸ್ ಬದಲಿಸಿ ಮತ್ತೆ ನೋಡಲಿ. ಕೊನೆಗೆ ಸೆಕೆಂಡ್ ಹಾರ್ಮೋನಿಕ್ ಎಷ್ಟು ಅಂತ ಅಳೆದು, ಬ್ಲಾಕಿಂಗ್ ಮಿತಿ 15 ಪರ್ಸೆಂಟ್ ಇಟ್ಟರೆ ರಿಲೇ ಸುಮ್ನೆ ಇರುತ್ತದಾ ನೋಡಲಿ.

ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ಅಂದಾಜಿಸುವ ಡಿಸ್ಟೆನ್ಸ್ ರಿಲೇಗೂ ಇದೇ ದಾರಿ. ಝೋನ್ 1 ಅಂದರೆ ಲೈನಿನ 80 ಪರ್ಸೆಂಟ್ ಅಂತ ಎಲ್ಲರೂ ಬರೆಯುತ್ತಾರೆ. ನಾನು 2012ರ ಜುಲೈ 30ರಿಂದ ಶುರು ಮಾಡುತ್ತೇನೆ. ಅವತ್ತು ನಸುಕಿನಲ್ಲಿ ಉತ್ತರದ ಗ್ರಿಡ್ ಕುಸಿಯಿತು. ಶುರುವಾದದ್ದು 400 ಕೆವಿ ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆಗಿ. ಆ ಲೈನಿನಲ್ಲಿ ಫಾಲ್ಟ್ ಇರಲಿಲ್ಲ. ಲೋಡ್ ವಿಪರೀತ ಏರಿತ್ತು, ವೋಲ್ಟೇಜ್ ಇಳಿದಿತ್ತು, ರಿಲೇ ಅದನ್ನು ಝೋನ್ 3ರ (ಪಕ್ಕದ ಲೈನುಗಳಿಗೂ ಬ್ಯಾಕಪ್ ಆಗಿ ದೂರದವರೆಗೆ ನೋಡುವ ವಲಯ) ಫಾಲ್ಟ್ ಅಂದುಕೊಂಡಿತು. ಲೆಕ್ಕ ಸರಳ. ರಿಲೇ ನೋಡೋದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ್ದು. ವೋಲ್ಟೇಜ್ 0.9ಕ್ಕೆ ಇಳಿದು ಕರೆಂಟ್ ಎರಡು ಪಟ್ಟಾದರೆ ಇಂಪೀಡೆನ್ಸ್ ಅರ್ಧಕ್ಕಿಂತ ಕಡಿಮೆ, 0.45. ಲೋಡ್ ಏರಿಸುತ್ತಾ ಆ ಇಂಪೀಡೆನ್ಸಿನ ಚುಕ್ಕಿ ಝೋನ್ 3ರ ವೃತ್ತದೊಳಗೆ ಜಾರೋದನ್ನು ಸ್ಕ್ರೀನಿನಲ್ಲಿ ನೋಡಿದವರು ಆಮೇಲೆ ಝೋನ್ 3 ಸೆಟ್ಟಿಂಗನ್ನು ಕಣ್ಣು ಮುಚ್ಚಿ ಕೊಡೋದಿಲ್ಲ.

ಸಮಯ ಉಳಿದರೆ ರಿಲೇಯನ್ನು ಅವರಿಂದಲೇ ಬರೆಸಿ. ಒಂದು ಸೈಕಲ್‌ಗೆ 20 ಸ್ಯಾಂಪಲ್, ಅಂದರೆ 1 ಕಿಲೋಹರ್ಟ್ಝ್. ಫುಲ್ ಸೈಕಲ್ ಡಿಎಫ್‌ಟಿ, ಅಂದರೆ ಅಲೆಯಿಂದ 50 ಹರ್ಟ್ಝ್ ಅಂಶವನ್ನು ಬೇರ್ಪಡಿಸುವ ಲೆಕ್ಕ, ಮತ್ತು ಒಂದು ಪಿಕಪ್ ಹೋಲಿಕೆ. ನಲವತ್ತು ಸಾಲಿನ ಪೈಥಾನ್. ಅದಕ್ಕೆ ಕಾಮ್‌ಟ್ರೇಡ್ (ರಿಲೇಗಳು ಅಲೆಯನ್ನು ದಾಖಲಿಸುವ ಮಾದರಿ) ಫೈಲ್ ಕೊಟ್ಟು ಓಡಿಸಿ. ಥಿಯರಿಗೆ ಐಐಟಿ ಬಾಂಬೆಯ ಪ್ರೊ. ಸೋಮನ್ ಅವರ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಕಲಿಕಾ ತಾಣ) ಪಾಠ ಇದೆ, ನೀವು ಮೊದಲು ಓದಿಕೊಳ್ಳಿ.

ಈಟ್ಯಾಪ್, ಪವರ್‌ಫ್ಯಾಕ್ಟರಿ, ಬೆಂಗಳೂರಿನ ಪಿಆರ್‌ಡಿಸಿ ಕಂಪನಿಯ ಮೈಪವರ್ ಎಲ್ಲವೂ ಗಟ್ಟಿ ಸಾಫ್ಟ್‌ವೇರ್‌ಗಳೇ. ಕೆಲಸಕ್ಕೆ ಸೇರಿದ ಮೇಲೆ ಇವುಗಳಲ್ಲೊಂದು ಸಿಕ್ಕೇ ಸಿಗುತ್ತದೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಒಂದೆರಡು ಲೈಸೆನ್ಸ್ ಸಿಕ್ಕರೆ ಸಾಕು, ಇಡೀ ಲ್ಯಾಬಿಗೆ ಬೇಕಾಗಿಲ್ಲ.

ಆ ಎರಡು ಡಿಸ್ಕ್ ರಿಲೇಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಟಿಎಂಎಸ್ 1 ಇಟ್ಟು, ಪ್ಲಗ್ ಸೆಟ್ಟಿಂಗಿನ (ಇದರಲ್ಲಿ ಪಿಕಪ್ ಅಂದರೆ ಇದೇ) 5 ಪಟ್ಟು ಕರೆಂಟ್ ಕೊಟ್ಟು, ಡಿಸ್ಕ್ ತಿರುಗಿ ಕಾಂಟ್ಯಾಕ್ಟ್ ಮುಟ್ಟುವ ತನಕ ಟೈಮರ್ ಹಿಡಿಸಿ. 4.28ಕ್ಕೆ ಎಷ್ಟು ಹತ್ತಿರ ಬಂತು ನೋಡಲಿ. ಅಲ್ಲೇ ಸಿಟಿಯ ವೈರಿಂಗ್ ಕೂಡ ಮಾಡಿಸಿ. ಪ್ರೈಮರಿಯಲ್ಲಿ ಕರೆಂಟ್ ಹರಿಯುವಾಗ ಸಿಟಿ ಸೆಕೆಂಡರಿ ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಮೊದಲು ಶಾರ್ಟ್ ಮಾಡಿ, ಆಮೇಲೆ ರಿಲೇ ತೆಗೆಯಬೇಕು. ಇದು ಕೈಗೆ ಅಭ್ಯಾಸ ಆಗಬೇಕಾದ ಕೆಲಸ, ಯಾವ ಸಾಫ್ಟ್‌ವೇರೂ ಕಲಿಸೋದಿಲ್ಲ. ನನ್ನ ಇನ್‌ರಶ್ ಮಾಡೆಲ್ ಮತ್ತು ಸ್ಪ್ರೆಡ್‌ಶೀಟ್ ಬೇಕಾದರೆ ಇಲ್ಲೇ ಕೆಳಗೆ ಕೇಳಿ, ಹಾಕುತ್ತೇನೆ.