ಗಿಟಾರ್‌ನ ಟ್ರೆಮೊಲೊ ಬ್ರಿಜ್ ಅಲುಗದಂತೆ ಮಾಡುವುದು ಹೇಗೆ?

ಶಿರಸಿಯಿಂದ ನೀವು ಕೇಳಿದ್ದು ಇಷ್ಟು: ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ, ಬ್ರಿಜ್ (ಗಿಟಾರ್ ಮೈಮೇಲೆ ತಂತಿಗಳನ್ನು ಹಿಡಿದಿರುವ ಲೋಹದ ಭಾಗ) ವಾಲಿಸಿ ಸ್ವರ ಏರಿಳಿಸುವ ಟ್ರೆಮೊಲೊ ಕಡ್ಡಿ ಬಳಸುವುದೇ ಇಲ್ಲ, ಆದರೂ ಶ್ರುತಿ ನಿಲ್ಲುತ್ತಿಲ್ಲ. ಬ್ರಿಜ್ ತೆಗೆಸಿ, ತೂತು ಮುಚ್ಚಿಸಿ, ಅಲುಗದ ಹೊಸ ಫಿಕ್ಸೆಡ್ ಬ್ರಿಜ್ ಹಾಕಿಸಬೇಕಾ ಅಂತ.

ಬೇಡ. ದಯವಿಟ್ಟು ಡ್ರಿಲ್ ಮುಟ್ಟಬೇಡಿ. ಒಂದು ಮರದ ತುಂಡು ಸಾಕು. ಇಂಗ್ಲೆಂಡಿನ ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ತಮ್ಮ ಸ್ಟ್ರ್ಯಾಟ್‌ಗಳಲ್ಲಿ ಇಟ್ಟುಕೊಂಡಿದ್ದೂ ಇಂಥದ್ದೇ ತುಂಡು. ಮುಂದೆ ಟ್ರೆಮೊಲೊ ಬೇಕೆನಿಸಿದರೆ ತುಂಡು ತೆಗೆದರಾಯಿತು.

ಈ ಬ್ರಿಜ್‌ನಲ್ಲಿ ಸದಾ ಜಗ್ಗಾಟ ನಡೆದಿರುತ್ತದೆ. ಮುಂದಿನಿಂದ ತಂತಿಗಳು ಎಳೆಯುತ್ತವೆ, 10ರ ಸೆಟ್ (ಅತಿ ತೆಳು ತಂತಿ 0.010 ಇಂಚು ಇರುವ ಸೆಟ್) ಆದರೆ ಎಲ್ಲ ಸೇರಿ ಸುಮಾರು 47 ಕಿಲೋ. ಹಿಂದಿನ ಗೂಡಿನಿಂದ ಸ್ಪ್ರಿಂಗ್‌ಗಳು ಆ ಎಳೆತವನ್ನು ಸರಿದೂಗಿಸುವಂತೆ ಎಳೆಯುತ್ತವೆ. ಒಂದು ತಂತಿ ಬೆಂಡ್ ಮಾಡಿದರೆ (ಸ್ವರ ಏರಿಸಲು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ) ಬ್ರಿಜ್ ವಾಲಿ ಉಳಿದ ಐದರ ಶ್ರುತಿ ಇಳಿಯುತ್ತದೆ. ಒಂದು ಹರಿದರೆ ಉಳಿದವು ಏರಿ ಕೂರುತ್ತವೆ. ಹಾಂ, ಶ್ರುತಿಗೆ ಕೀಲಿ ತಿರುಗಿಸುವಾಗ ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳ ಪಟ್ಟಿ) 'ಟಿಣ್' ಅಂತ ಸದ್ದು ಬಂದರೆ ತೊಂದರೆ ಅಲ್ಲಿದೆ. ಅದಕ್ಕೆ ಬ್ರಿಜ್ ಬಿಗಿ ಮಾಡಿ ಉಪಯೋಗವಿಲ್ಲ.

ಮೊದಲು ತಂತಿ ಸಡಿಲಿಸಿ. ಹಿಂದಿನ ಮುಚ್ಚಳ ತೆಗೆದು, ಮೂರು ಸ್ಪ್ರಿಂಗ್ ಇದ್ದರೆ ಐದು ಮಾಡಿ. ಸ್ಪ್ರಿಂಗ್ ಸಿಕ್ಕಿಸಿರುವ ಪಟ್ಟಿಯ ಎರಡೂ ಸ್ಕ್ರೂ ಬಿಗಿ ಮಾಡಿ. ಶ್ರುತಿ ಮಾಡಿದ ಮೇಲೂ ಬ್ರಿಜ್ ಗಿಟಾರ್ ಮೈಗೆ ಒತ್ತಿ ಕೂತಿರಬೇಕು. ಆಮೇಲೆ ಬ್ರಿಜ್‌ನಿಂದ ಗೂಡಿನೊಳಗೆ ಇಳಿದಿರುವ ಲೋಹದ ಬ್ಲಾಕ್‌ನ ಹಿಂದೆ, ಅಂದರೆ ಸ್ಪ್ರಿಂಗ್ ಇಲ್ಲದ ಬದಿಯ ಸಂದಿನಲ್ಲಿ, ತುಂಡು ಕೂರಿಸಿ. ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟೇ ಬಿಗಿ ಇರಲಿ. ಅಂಟು ಹಾಕಬೇಡಿ. ಇನ್ನು ಅಲುಗಲ್ಲ ಅಂತ ಸ್ಪ್ರಿಂಗ್‌ಗಳನ್ನು ಪೂರ್ತಿ ತೆಗೆಯಲೂಬೇಡಿ: ಆ ಪಟ್ಟಿಗೆ ಅರ್ಥಿಂಗ್ ವೈರ್ ಬೆಸೆದಿರುತ್ತದೆ, ತಂತಿಗಳಿಗೆ ಅರ್ಥಿಂಗ್ ತಲುಪುವುದು ಸ್ಪ್ರಿಂಗ್ ಮೂಲಕವೇ. ಅದು ತಪ್ಪಿದರೆ ಆಂಪ್‌ನಲ್ಲಿ ಗುಂಯ್‌ಗುಡುವ ಸದ್ದು ಜಾಸ್ತಿಯಾಗುತ್ತದೆ.

ಈಗ ಮರದ ವಿಷಯ. ನಮ್ಮ ಕಡೆ ಇದನ್ನು ಹಗುರವಾಗಿ ತಗೊಳ್ಳಬಾರದು. ನಾನು ಕಾರವಾರದಲ್ಲಿ ಮೊದಲ ಸಲ ಮಾಡಿದ್ದು ಜೋರು ಮಳೆಗಾಲದಲ್ಲಿ, ಕೈಗೆ ಸಿಕ್ಕಿದ ಹಲಸಿನ ತುಂಡಿನಿಂದ. ಆಗ ಎಷ್ಟು ಚೆನ್ನಾಗಿ ಕೂತಿತ್ತು! ಫೆಬ್ರವರಿಯ ಹೊತ್ತಿಗೆ ಒಣಗಿ ಕುಗ್ಗಿತು. ಗೆಳೆಯರೊಂದಿಗೆ ನುಡಿಸುತ್ತಿದ್ದಾಗ ಜಾರಿ, ಹಾಡಿನ ನಡುವೆಯೇ ಆರೂ ತಂತಿ ಶ್ರುತಿ ತಪ್ಪಿದವು. ತುಂಬಾ ಬೇಜಾರಾಗಿತ್ತು. ಆಮೇಲೆ ಮರದ ಕೆಲಸದ ಆಚಾರಿಯೊಬ್ಬರು ತುಂಡನ್ನು ತಿರುಗಿಸಿ ನೋಡಿ ಕಾರಣ ಹೇಳಿದರು. ಮರ ಉಬ್ಬುವುದು, ಕುಗ್ಗುವುದು ಎಳೆಗೆ ಅಡ್ಡವಾಗಿ. ಎಳೆಯ ಉದ್ದಕ್ಕೆ ಅದು ಬದಲಾಗುವುದು ತೀರಾ ಕಡಿಮೆ. ನಾನು ಅಡ್ಡ ಎಳೆ ಕೂರಿಸಿದ್ದೆ. ನೀವು ತುಂಡಿನ ಎಳೆ ಬ್ಲಾಕ್‌ನಿಂದ ಗೂಡಿನ ಗೋಡೆಯ ಕಡೆಗೆ ನೇರ ಹೋಗುವಂತೆ ಕೊಯ್ಸಿ. ಹಳೆ ಬಾಗಿಲ ಚೌಕಟ್ಟಿನ ಸಾಗುವಾನಿ ಅಟ್ಟದಲ್ಲಿ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯದು ಬೇಡ. ಸ್ವಲ್ಪ ದಪ್ಪವೇ ಕೊಯ್ಸಿ, ಸ್ಯಾಂಡ್ ಪೇಪರ್‌ನಲ್ಲಿ ತಿಕ್ಕುತ್ತಾ ಅಳತೆಗೆ ತನ್ನಿ. ಅರ್ಧ ಗಂಟೆ ಹಿಡಿಯಬಹುದು, ಹಿಡಿಯಲಿ.

ಬ್ರಿಜ್ ಕೆಳಗಿಳಿದಿದ್ದರಿಂದ ತಂತಿಗಳೂ ಕೆಳಗೆ ಬಂದಿರುತ್ತವೆ. ಬ್ರಿಜ್ ಮೇಲೆ ಒಂದೊಂದು ತಂತಿಗೂ ಇರುವ ಆಸರೆ, ಅಂದರೆ ಸ್ಯಾಡಲ್, ಸ್ವಲ್ಪ ಎತ್ತಿ, 12ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಸ್ವರ ಸರಿ ಬರುತ್ತಿದೆಯಾ ನೋಡಿಕೊಳ್ಳಿ.

ಸಂದಿನ ಅಳತೆಯಲ್ಲಿ ಅನುಮಾನ ಬಂದರೆ ಹಿಂದಿನ ಗೂಡಿನ ಫೋಟೊ ಹಾಕಿ, ನೋಡಿ ಹೇಳುತ್ತೇನೆ.