ಎರಡನೇ ಹೆರಿಗೆಗೆ ತವರಿಗೆ ಹೋಗುವಾಗ ಎರಡು ವರ್ಷದ ಮಗನನ್ನು ಅತ್ತೆ ಹತ್ತಿರ ಬಿಟ್ಟು ಹೋಗಬಹುದಾ?

ಬಿಡಬೇಡಿ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು, ನಿಮಗೆ ಏಳನೇ ತಿಂಗಳು ನಡೆಯುತ್ತಿದೆ, ಆಗಸ್ಟ್‌ಗೆ ದಿನ ಕೊಟ್ಟಿದ್ದಾರೆ, ಬಾಳೆಹೊನ್ನೂರು ಕಡೆಯಿಂದ ಹಾಸನದ ತವರಿಗೆ ಹೋಗಬೇಕು ಅಂತ ಬರೆದಿದ್ದೀರಿ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ, ನನ್ನ ತವರು ಆಲೂರು. ಎರಡನೆಯವನು ಹುಟ್ಟುವಾಗ ಮಗಳಿಗೆ ನಿಮ್ಮ ಮಗನಷ್ಟೇ ವಯಸ್ಸು. ನಾನು ಬಿಟ್ಟು ಹೋಗಿದ್ದೆ. ಅದಕ್ಕೇ ಹೇಳುತ್ತಿದ್ದೇನೆ.

ಆಗ ಎಲ್ಲರೂ ಹೇಳಿದ್ದು ಸರಿಯಾಗಿಯೇ ಕಾಣುತ್ತಿತ್ತು. ಹೆರಿಗೆ ಜುಲೈನಲ್ಲಿ. ನಮ್ಮ ಕಡೆ ಮೃಗಶಿರ ಮಳೆ ಹಿಡಿದರೆ ಯಾವಾಗ ಮರ ಬೀಳುತ್ತದೆ, ಯಾವಾಗ ಕರೆಂಟ್ ಹೋಗುತ್ತದೆ ಹೇಳೋಕೆ ಆಗಲ್ಲ. ರಾತ್ರಿ ಹೊತ್ತು ನೋವು ಬಂದರೆ ಹಾನುಬಾಳು, ಸಕಲೇಶಪುರ ದಾಟಿ ಹಾಸನ ಸೇರುವಷ್ಟರಲ್ಲಿ ಏನಾಗುತ್ತದೋ ಅನ್ನುವ ಭಯ. ಹಾಗಾಗಿ ಜೂನ್‌ನಲ್ಲೇ ಆಲೂರಿಗೆ ಹೋಗಿ ಕೂರೋದು ಅಂತಾಯಿತು. ಅಲ್ಲಿ ಅಮ್ಮ ಒಬ್ಬರೇ, ಮಂಡಿ ನೋವು ಬೇರೆ. ಬಾಣಂತಿ, ಹಸುಗೂಸು, ಜೊತೆಗೆ ಓಡಾಡುವ ಮಗು, ಮೂವರನ್ನೂ ಹೇಗೆ ನೋಡಿಕೊಳ್ಳುತ್ತಾರೆ? ಇಲ್ಲಿ ಅತ್ತೆಗೆ ಪುಟ್ಟಿ ಅಂದರೆ ಪ್ರಾಣ. ಅವಳಿಗೂ ಅಂಗಳ, ಕೋಳಿ, ನಾಯಿ, ಅಜ್ಜನ ಜೊತೆ ತೋಟ ಸುತ್ತೋದು ಎಲ್ಲ ಇಲ್ಲೇ. "ಅವಳು ಇಲ್ಲೇ ಇರಲಿ ಬಿಡು, ನೀನು ನಿಶ್ಚಿಂತೆಯಾಗಿ ಹೋಗಿ ಬಾ" ಅಂದರು ಅತ್ತೆ. ಅವರ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ.

ಈಗ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಿಮಗೂ ಯಾರಾದರೂ ಇದೇ ಸಲಹೆ ಕೊಟ್ಟೇ ಕೊಡುತ್ತಾರೆ. ಪುಟ್ಟಿ ಮಲಗಿದ್ದಾಗ ನಾನು ಹೊರಟು ಬಂದೆ.

"ಎಚ್ಚರ ಇದ್ದರೆ ಅತ್ತು ರಂಪ ಮಾಡ್ತಾಳೆ, ನೀನೂ ಅಳ್ತೀಯ, ಈ ಸಮಯದಲ್ಲಿ ಬೇಡ" ಅಂತ ಎಲ್ಲರೂ ಹೇಳಿದರು. ನನಗೂ ಅದೇ ಸುಲಭ ಅನ್ನಿಸಿತು. ಪುಟ್ಟಿ ದಿನಾ ನನ್ನ ಕಿವಿ ಹಿಡಿದುಕೊಂಡೇ ಮಲಗೋಳು. ಓಲೆ ತೆಗೆದಿಟ್ಟು ಮಲಗಬೇಕಿತ್ತು, ಇಲ್ಲದಿದ್ದರೆ ಅವಳ ಬೆರಳಿಗೆ ಚುಚ್ಚುತ್ತಿತ್ತು. ಆವತ್ತು ಬೆಳಗಿನ ಜಾವ ಆ ಬೆರಳುಗಳನ್ನು ನಿಧಾನಕ್ಕೆ ಬಿಡಿಸಿ, ನನ್ನ ಜಾಗದಲ್ಲಿ ಒಂದು ದಿಂಬಿಟ್ಟು, ಅದರ ಮೇಲೆ ನನ್ನ ಹಳೇ ನೈಟಿ ಹೊದಿಸಿ ಎದ್ದು ಬಂದೆ. ಜೀಪು ಗೇಟಿನ ಹೊರಗೇ ನಿಂತಿತ್ತು, ಸದ್ದಾಗಬಾರದು ಅಂತ.

ಏನಾಯಿತು ಅಂದರೆ, ಅವಳ ಪಾಲಿಗೆ ಅಮ್ಮ ಎಲ್ಲಿಗೋ ಹೋದಳು ಅಂತ ಆಗಲಿಲ್ಲ. ನಿದ್ದೆ ಮಾಡಿದೆ, ಅಮ್ಮ ಇಲ್ಲವಾದಳು ಅಂತ ಆಯಿತು. ನೀವು ಎದುರಿಗೆ ನಿಂತು "ಹೋಗಿ ಬರ್ತೀನಿ ಮಗಾ" ಅಂದರೆ ಮಗು ಅಳುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ನಿಮ್ಮ ಕರುಳು ಕಿತ್ತು ಬರುತ್ತದೆ, ನಿಜ. ಆದರೆ ಆ ಅಳುವನ್ನು ಕೇಳೋಕೆ ನೀವು ಇರುತ್ತೀರಿ. ಯಾರು ಹೋದರು, ಯಾರ ಜೊತೆ ಹೋದರು, ತನ್ನನ್ನು ಯಾರ ಕೈಗೆ ಕೊಟ್ಟರು ಅನ್ನುವುದು ಅದಕ್ಕೆ ಕಾಣುತ್ತದೆ. ಮಲಗಿದ್ದಾಗ ಹೋದರೆ ಇದು ಯಾವುದೂ ಇಲ್ಲ. ಆಮೇಲೆ ರಾತ್ರಿ ಕಣ್ಣು ಎಳೆಯುತ್ತಿದ್ದರೂ ಪುಟ್ಟಿ ಎದ್ದು ಕೂರುತ್ತಿದ್ದಳಂತೆ. ಮಾವ ಎತ್ತಿಕೊಂಡು ಜಗಲಿ ಮೇಲೆ ಓಡಾಡಿಸಿ, ಭುಜದ ಮೇಲೆ ನಿದ್ದೆ ಬಂದ ಮೇಲೂ ಕೆಳಗೆ ಮಲಗಿಸಿದ ತಕ್ಷಣ ಕಣ್ಣು ಬಿಡೋಳಂತೆ.

ಅದರ ಮೇಲೆ ಇನ್ನೊಂದು ಸುಳ್ಳು. "ಅಮ್ಮ ಪೇಟೆಗೆ ಹೋಗಿದಾಳೆ, ಬರುವಾಗ ಬಿಸ್ಕತ್ತು ತರ್ತಾಳೆ." ನಮ್ಮ ಮನೆಯಲ್ಲಿ ಪೇಟೆಗೆ ಹೋದವರು ಸಂಜೆಗೆ ಬರುತ್ತಾರೆ. ಹಾಗಾಗಿ ಅವಳು ಸಂಜೆ ಆದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಮಳೆ ಬಂದರೂ ಒಳಗೆ ಬರುತ್ತಿರಲಿಲ್ಲ. ಎಷ್ಟೋ ತಿಂಗಳಾದ ಮೇಲೂ ಯಾರಾದರೂ "ಪೇಟೆಗೆ ಹೋಗಿ ಬರ್ತೀನಿ" ಅಂದರೆ ಸಾಕು, ಚೀರಿ ಅಳೋಳು.

ನೈಟಿ ವಿಷಯ ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಅದನ್ನು ಅವಳು ಹಗಲೂ ರಾತ್ರಿ ಎಳೆದುಕೊಂಡು ಓಡಾಡುತ್ತಿದ್ದಳಂತೆ. ಕೊಳೆಯಾಯಿತು ಅಂತ ಅತ್ತೆ ಒಂದು ದಿನ ಒಗೆದರು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗಬೇಕಾದರೆ ಒಲೆ ಮೇಲಿನ ತಂತಿಗೇ ಹಾಕಬೇಕು. ಒಣಗಿದ ಮೇಲೆ ಕೊಟ್ಟರೆ ಮೂಗಿಗೆ ಹಿಡಿದು ನೋಡಿ ಬಿಸಾಕಿದಳಂತೆ. ಸೋಪು, ಹೊಗೆ ಬಿಟ್ಟರೆ ಅದರಲ್ಲಿ ಬೇರೇನೂ ಉಳಿದಿರಲಿಲ್ಲ. ಮತ್ತೆ ಅದನ್ನು ಮುಟ್ಟಲಿಲ್ಲ. ಅತ್ತೆ ಇದನ್ನು ನನಗೆ ಹೇಳುವಾಗ ಅತ್ತುಬಿಟ್ಟರು. ಅವರದ್ದೇನು ತಪ್ಪು? ಕೊಳೆ ಬಟ್ಟೆ ಒಗೆದರು, ಅಷ್ಟೇ.

ನೀವು "ದಿನಾ ವಿಡಿಯೋ ಕಾಲ್ ಮಾಡ್ತೀನಿ" ಅಂತ ಬರೆದಿದ್ದೀರಿ. ಅದರ ಮೇಲೆ ನಂಬಿಕೆ ಇಟ್ಟುಕೊಳ್ಳಬೇಡಿ. ಮೊದಲೆಲ್ಲ ಪುಟ್ಟಿ ಫೋನ್ ಹಿಂದೆ ತಿರುಗಿಸಿ ನಾನು ಎಲ್ಲಿದ್ದೀನಿ ಅಂತ ನೋಡೋಳು. ಆಮೇಲೆ ನನ್ನ ಮುಖ ಕಂಡ ತಕ್ಷಣ ಅಳೋಳು. ಮಳೆಗೆ ನೆಟ್‌ವರ್ಕ್ ಹೋಗಿ ಮುಖ ಅರ್ಧಕ್ಕೇ ನಿಂತುಬಿಟ್ಟರೆ ಇನ್ನೂ ಜಾಸ್ತಿ. ಸ್ವಲ್ಪ ದಿನ ಆದ ಮೇಲೆ ಫೋನ್ ಕೊಟ್ಟರೆ "ಬೇಡ" ಅಂತ ಆಚೆ ಹೋಗೋಳು. ಅಳು ನಿಂತಿತು. ಊಟ ಮಾಡಿದಳು, ಕೋಳಿ ಹಿಂದೆ ಓಡಿದಳು. "ನೋಡು, ಹೊಂದಿಕೊಂಡಳು, ನೀನು ಸುಮ್ನೆ ತಲೆ ಕೆಡಿಸಿಕೊಳ್ತಿದ್ದೆ" ಅಂದರು ಎಲ್ಲರೂ. ನಾನೂ ನಂಬಿದೆ.

ಮಗ ಹುಟ್ಟಿದ ಮೇಲೆ ನಮ್ಮ ಮನೆಯವರು ಅವಳನ್ನು ಆಲೂರಿಗೆ ಕರೆದುಕೊಂಡು ಬಂದರು. ಬಾಗಿಲಲ್ಲೇ ನಿಂತಳು. "ಬಾ ಪುಟ್ಟಿ" ಅಂದೆ. ಅತ್ತೆ ಸೆರಗು ಹಿಡಿದುಕೊಂಡು ನನ್ನನ್ನು ನೋಡಿದಳೇ ಹೊರತು ಬರಲಿಲ್ಲ. ಬಲವಂತಕ್ಕೆ ತೊಡೆ ಮೇಲೆ ಕೂರಿಸಿದರೆ ಮೈಯೆಲ್ಲ ಬಿಗಿ ಮಾಡಿಕೊಂಡು ಕೂತಳು. ಅಳಲಿಲ್ಲ. ಪಾಪುವನ್ನು ನೋಡಿ ಹೊಡೆಯಲೂ ಇಲ್ಲ, ಮುದ್ದಿಸಲೂ ಇಲ್ಲ. ಅತ್ತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಇದು ಏನು ಅಂತ ಆಮೇಲೆ ಮಕ್ಕಳ ಡಾಕ್ಟರ್ ಒಬ್ಬರು ಬಿಡಿಸಿ ಹೇಳಿದರು, ನಾನೂ ಹುಡುಕಿ ಓದಿದೆ. 1950ರ ದಶಕದಲ್ಲಿ ಲಂಡನ್‌ನಲ್ಲಿ ಜೇಮ್ಸ್ ರಾಬರ್ಟ್‌ಸನ್, ಜಾನ್ ಬೌಲ್ಬಿ ಅನ್ನುವ ಇಬ್ಬರು ಇದನ್ನೇ ಬರೆದಿಟ್ಟಿದ್ದಾರೆ. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಮಕ್ಕಳ ಜೊತೆ ತಾಯಿಯನ್ನು ಇರಲು ಬಿಡುತ್ತಿರಲಿಲ್ಲ. ತಾಯಿಯಿಂದ ದೂರ ಇಟ್ಟ ಸಣ್ಣ ಮಕ್ಕಳು ಮೊದಲು ಅತ್ತು ಹಟ ಮಾಡುತ್ತವೆ. ಆಮೇಲೆ ಮಂಕಾಗುತ್ತವೆ. ಕೊನೆಗೆ ಆಟ, ಊಟ ಎಲ್ಲ ಶುರು ಮಾಡುತ್ತವೆ, ಆದರೆ ತಾಯಿ ಬಂದರೆ ಮುಖ ತಿರುಗಿಸುತ್ತವೆ. ನರ್ಸುಗಳು "ಹೊಂದಿಕೊಂಡಿತು" ಅಂದುಕೊಳ್ಳುತ್ತಿದ್ದದ್ದು ಈ ಮೂರನೇ ಹಂತವನ್ನು. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯೇ ಸಣ್ಣ ಮಕ್ಕಳ ಜೊತೆ ತಾಯಂದಿರು ಇರಲು ಅವಕಾಶ ಕೊಡಿ ಅಂತ ಹೇಳಿತು. ನಮ್ಮ ಪುಟ್ಟಿ ಇದ್ದದ್ದು ಆಸ್ಪತ್ರೆಯಲ್ಲಲ್ಲ, ಪ್ರೀತಿಸುವ ಅಜ್ಜ ಅಜ್ಜಿ ಹತ್ತಿರ. ಅದರಿಂದಲೇ ಆಮೇಲೆ ಸರಿಹೋಯಿತು ಅಂತ ಡಾಕ್ಟರ್ ಹೇಳಿದರು. ಆದರೂ ಅಷ್ಟಾಯಿತು ನೋಡಿ.

ಊರಿಗೆ ಮರಳಿದ ಮೇಲೆ ಪೂರ್ತಿ ಉಲ್ಟಾ. ನಾನು ಬಚ್ಚಲಿಗೆ ಹೋದರೆ ಬಾಗಿಲು ಬಡಿಯೋಳು. ಹಾಸಿಗೆ ಒದ್ದೆ ಮಾಡೋದು ನಿಂತಿತ್ತು, ಮತ್ತೆ ಶುರುವಾಯಿತು. ಪಾಪುಗೆ ಹಾಲು ಕೊಡುವಾಗ ಪಕ್ಕದಲ್ಲೇ ನಿಂತು ನನ್ನ ಕಿವಿ ಹಿಡಿದುಕೊಳ್ಳೋಳು. ಗೌರಿ ಗಣೇಶ, ದಸರಾ, ದೀಪಾವಳಿ ಎಲ್ಲ ಮುಗಿದು ಕಾಫಿ ಹಣ್ಣು ಕುಯ್ಲಿಗೆ ಬಂದಾಗಲೂ ರಾತ್ರಿ ಎದ್ದೆದ್ದು ನಾನು ಇದ್ದೀನಾ ಅಂತ ಮುಟ್ಟಿ ನೋಡುತ್ತಿದ್ದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕರೆದುಕೊಂಡು ಹೋಗಲೋ, ಬಿಟ್ಟು ಹೋಗಲೋ ಅಂತ ಕೇಳಿದ್ದೀರಿ. ನನ್ನ ಪ್ರಕಾರ ತವರಿಗೆ ಹೋಗಲೇಬೇಕಾ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಚೊಚ್ಚಲ ಹೆರಿಗೆಗೆ ತವರು ಸರಿ. ಆಗ ನಮಗೂ ಏನೂ ಗೊತ್ತಿರುವುದಿಲ್ಲ, ನೋಡಿಕೊಳ್ಳಬೇಕಾದ ಇನ್ನೊಂದು ಮಗು ಇರುವುದಿಲ್ಲ. ಎರಡನೆಯದಕ್ಕೆ ನಿಮ್ಮ ಅಮ್ಮನನ್ನೇ ಬಾಳೆಹೊನ್ನೂರಿಗೆ ಕರೆಸಿಕೊಳ್ಳಿ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು ಎಲ್ಲ ಅಲ್ಲೂ ಆಗುತ್ತದೆ. "ಬೀಗರ ಮನೆಯಲ್ಲಿ ಹೇಗೆ ಇರೋದು" ಅಂತ ನಿಮ್ಮ ಅಮ್ಮ ಹಿಂಜರಿಯಬಹುದು. ನಿಮ್ಮ ಅತ್ತೆಯೇ ಫೋನ್ ಮಾಡಿ ಕರೆದರೆ ಆ ಸಂಕೋಚ ಹೋಗುತ್ತದೆ. ಹೆರಿಗೆ ಆದ ಮೇಲೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ, 3, 7, 14, 21, 28 ಮತ್ತು 42ನೇ ದಿನ. ನಿಮ್ಮ ಊರಲ್ಲೇ ಇದ್ದರೆ ನಿಮ್ಮ ತಾಯಿ ಕಾರ್ಡ್ ಮಾಡಿಸಿದ, ನಿಮ್ಮನ್ನು ಮೊದಲಿಂದ ಬಲ್ಲ ಅಕ್ಕನೇ ಬರುತ್ತಾರೆ, ಅದೂ ಒಂದು ಧೈರ್ಯ.

ಮಳೆಯ ಭಯ ಮಾತ್ರ ನಿಜ, ಅದನ್ನು ಹಗುರ ಮಾಡಲ್ಲ. ಆಗಸ್ಟ್‌ನಲ್ಲಿ ನಿಮ್ಮ ಕಡೆ ರಸ್ತೆ ನಂಬುವ ಹಾಗಿಲ್ಲ. ಕೊನೆಯ ಕೆಲವು ವಾರ ಚಿಕ್ಕಮಗಳೂರಿನಲ್ಲಿ ನೆಂಟರ ಮನೆಯಲ್ಲೋ ಬಾಡಿಗೆ ರೂಮಿನಲ್ಲೋ ಇರಿ, ಮಗನನ್ನೂ ಕರೆದುಕೊಂಡು, ನಿಮ್ಮ ಅಮ್ಮನೋ ಅತ್ತೆಯೋ ಒಬ್ಬರು ಜೊತೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟವನ್ನೂ ಕೊಡುತ್ತಾರೆ. ಹೆಚ್ಚು ಕಡಿಮೆ ಅಷ್ಟು ದಿನ ಮಾತ್ರ ಮಗ ನಿಮ್ಮನ್ನು ಬಿಟ್ಟು ಮಲಗಬೇಕಾಗುತ್ತದೆ. ನಾನು ತಿಂಗಳುಗಟ್ಟಲೆ ಬಿಟ್ಟಿದ್ದೆ.

ಆ ರಾತ್ರಿಗಳಿಗೆ ಅಪ್ಪ ಇರಬೇಕು. ನಿಮ್ಮ ಯಜಮಾನರು ಸರ್ಕಾರಿ ಶಾಲೆ ಮೇಷ್ಟ್ರು ಅಂದಿದ್ದೀರಿ, ಅವರಿಗೆ 15 ದಿನ ಪಿತೃತ್ವ ರಜೆ ಇದೆ. ಅದನ್ನು ನಾಮಕರಣಕ್ಕೆ ಅಂತ ಉಳಿಸಿಕೊಳ್ಳೋದು ಬೇಡ, ಹೆರಿಗೆ ಸಮಯಕ್ಕೇ ತೆಗೆದುಕೊಳ್ಳಲಿ. ಈಗಿನಿಂದಲೇ ವಾರದಲ್ಲಿ ಕೆಲವು ರಾತ್ರಿ ಮಗನನ್ನು ಅವರೇ ಮಲಗಿಸಲಿ. ಮೊದಲು ಅಳುತ್ತಾನೆ. ಪಕ್ಕದ ಕೋಣೆಯಲ್ಲಿ ನೀವಿರುವಾಗ ಅಳುವುದು ಬೇರೆ, ನೀವು ಮನೆಯಲ್ಲೇ ಇಲ್ಲದಾಗ ಅಳುವುದು ಬೇರೆ.

ಹಾಲು ಬಿಡಿಸೋಕೆ ಇದೇ ಒಳ್ಳೇ ಸಮಯ, ದೂರ ಇದ್ದರೆ ತಾನೇ ಮರೀತಾನೆ ಅಂತ ನಿಮ್ಮ ಅಮ್ಮ ಹೇಳಿದ್ದಾರಂತೆ. ಈ ಮಾತು ದಯವಿಟ್ಟು ಕೇಳಬೇಡಿ. ಅಮ್ಮನೂ ಇಲ್ಲ, ಹಾಲೂ ಇಲ್ಲ, ಎರಡೂ ಒಂದೇ ದಿನ ಅಂದರೆ ಎರಡು ವರ್ಷದ ಮಗುವಿಗೆ ಎಷ್ಟಾಯಿತು! ತೊಂದರೆ ಇಲ್ಲದ ಬಸುರಿನಲ್ಲಿ ದೊಡ್ಡ ಮಗುವಿಗೆ ಹಾಲು ಕೊಟ್ಟರೆ ಸಾಮಾನ್ಯವಾಗಿ ಏನೂ ಆಗಲ್ಲ. ರಕ್ತಸ್ರಾವ ಆಗಿದ್ದರೆ, ಹಿಂದಿನ ಹೆರಿಗೆ ದಿನಕ್ಕೆ ಮೊದಲೇ ಆಗಿದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳಲೇಬೇಕು. ಬಿಡಿಸುವುದೇ ಆದರೆ ಈಗ, ನಿಮ್ಮ ಜೊತೆ ಇರುವಾಗಲೇ, ಹಗಲಿನದ್ದು ಮೊದಲು, ರಾತ್ರಿಯದ್ದು ಕೊನೆಗೆ, ನಿಧಾನಕ್ಕೆ ಬಿಡಿಸಿ.

ಆಸ್ಪತ್ರೆಗೆ ಹೊರಡುವಾಗ ಮಧ್ಯರಾತ್ರಿಯಾದರೂ ಮಗನನ್ನು ಎಬ್ಬಿಸಿ. ನಿಜವಾಗಲೂ ಎಬ್ಬಿಸಿ. "ಅಮ್ಮ ಆಸ್ಪತ್ರೆಗೆ ಹೋಗ್ತಿದೀನಿ, ಪಾಪು ಬರುತ್ತೆ, ನೀನು ಅಪ್ಪನ ಹತ್ತಿರ ಮಲಗು, ಅಪ್ಪ ನಿನ್ನನ್ನು ಅಲ್ಲಿಗೆ ಕರ್ಕೊಂಡು ಬರ್ತಾರೆ" ಅಂತ ಮುಖ ನೋಡಿ ಹೇಳಿ. ಈಗಿಂದಲೇ ಅದೇ ಮಾತನ್ನು ಆಟದ ಹಾಗೆ ಹೇಳಿ ಹೇಳಿ ಅಭ್ಯಾಸ ಮಾಡಿಸಿ. ವಾರ, ತಿಂಗಳು ಅಂದರೆ ಅವನಿಗೆ ತಿಳಿಯಲ್ಲ. ಪೇಟೆ ಸುಳ್ಳನ್ನು ಯಾರೂ ಹೇಳಬಾರದು ಅಂತ ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ, ಪಕ್ಕದ ಮನೆಯವರಿಗೂ.

ಪಾಪು ಬಂದ ಮೇಲೆ ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಸ್ನಾನ. ಮಗುವಿಗೆ ಎಣ್ಣೆ ಹಚ್ಚುವಾಗ ಅತ್ತೆ ಪುಟ್ಟಿಗೂ ಹಚ್ಚಿ, ಕಾಲ ಮೇಲೆ ಹಾಕಿಕೊಂಡು ನೀರು ಹಾಕಿ, ಇಬ್ಬರಿಗೂ ಒಟ್ಟಿಗೆ ಹೊಗೆ ಹಿಡಿಯುತ್ತಿದ್ದರು. ಅವಳ ಕಾಲು ಅತ್ತೆಯ ಪಾದ ದಾಟಿ ಆಚೆ ಚಾಚಿಕೊಂಡಿರೋದು, ಆದರೂ ಪಾಪು ಥರ ಕಣ್ಣು ಮುಚ್ಚಿ ಮಲಗೋಳು. "ದೊಡ್ಡವಳಾದೆ, ಅಕ್ಕ ಆದೆ" ಅಂತ ಹೇಳೋದನ್ನು ನಾವೆಲ್ಲ ನಿಲ್ಲಿಸಿದೆವು. ಅವಳಿಗೆ ಆಗ ಬೇಕಿದ್ದದ್ದು ಸಣ್ಣವಳಾಗಿರೋದು. ಪಾಪುವನ್ನು ಮುಟ್ಟಬೇಡ ಅಂತಲೂ ಹೇಳಲಿಲ್ಲ, ಕೈ ತೊಳೆದುಕೊಂಡು ಬಾ, ಶೀತ ಇದ್ದಾಗ ಕಾಲು ಮಾತ್ರ ಮುಟ್ಟು ಅಂದೆವು.

ನಿಮ್ಮ ಅಮ್ಮನನ್ನು ಕರೆಸುವ ವಿಷಯ ಈ ವಾರವೇ ಅತ್ತೆ ಹತ್ತಿರ ಮಾತಾಡಿ. ಮಳೆ ಜೋರಾದ ಮೇಲೆ ನಿಮ್ಮ ಅಮ್ಮನಿಗೂ ಆ ದಾರಿಯಲ್ಲಿ ಬರೋದು ಕಷ್ಟ. ಅತ್ತೆ ಏನಂದರು ಅಂತ ಇಲ್ಲೇ ಬರೆಯಿರಿ. ಒಪ್ಪದಿದ್ದರೆ ಚಿಕ್ಕಮಗಳೂರಿನಲ್ಲಿ ರೂಮು ಹುಡುಕೋದು ಹೇಗೆ ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.